ನಿಮಗಿದು ಗೊತ್ತೇ? ಎರಡು ಓಎಸ್‌ಗಳಲ್ಲಿ ಒಂದನ್ನು ತೆಗೆಯುವಾಗ

● ವಿಂಡೋಸ್ ಜೊತೆ ಹಾಕಿಕೊಂಡಿದ್ದ ಉಬುಂಟು ಬೇಡವೆಂದು ಅದರ ಪಾರ್ಟಿಷನ್ ಅಳಿಸಿದರೆ, ಮುಂದಿನ ಸಲ ವಿಂಡೋಸ್ ಕೂಡ ತೆರೆಯದಿರಬಹುದು! ಕಪ್ಪು ಪರದೆಯ ಮೇಲೆ 'ಗ್ರಬ್ ರೆಸ್ಕ್ಯೂ' ಎಂದು ಬಂದು ನಿಲ್ಲುತ್ತದೆ. ಗಾಬರಿ ಬೇಡ, ವಿಂಡೋಸ್‌ಗೆ ಏನೂ ಆಗಿರುವುದಿಲ್ಲ. ಯಾವ ಓಎಸ್ ಬೇಕೆಂದು ಕೇಳುವ ಗ್ರಬ್, ತನ್ನ ಉಳಿದ ಫೈಲುಗಳನ್ನು ಈಗಿಲ್ಲದ ಪಾರ್ಟಿಷನ್‌ನಲ್ಲಿ ಹುಡುಕುತ್ತಿರುತ್ತದೆ, ಅಷ್ಟೆ.

● ಹಾಗಾಗಿ ಮೊದಲು ಬ್ಯಾಕಪ್. ಆಮೇಲೆ, ಹೊಸ ಯುಇಎಫ್‌ಐ ಯಂತ್ರವಾದರೆ, ಬೂಟ್ ಆರ್ಡರ್‌ನಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಅನ್ನು ಮೇಲಕ್ಕೆ ತಂದು, ರೀಸ್ಟಾರ್ಟ್ ಮಾಡಿ ನೋಡಿ. ನೇರವಾಗಿ ವಿಂಡೋಸ್ ತೆರೆದುಕೊಂಡರೆ ಮಾತ್ರ ಡಿಲೀಟ್‌ಗೆ ಕೈಹಾಕಿ.

● ಹಳೆಯ ಬಯೋಸ್ ಯಂತ್ರಗಳಲ್ಲಿ ಗ್ರಬ್‌ನ ಮೊದಲ ತುಣುಕು ಇರುವುದು ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳಲ್ಲಿ. ಅದರಲ್ಲಿ 446 ಬೈಟ್ ಬೂಟ್ ಕೋಡ್, 64 ಬೈಟ್ ಪಾರ್ಟಿಷನ್ ಪಟ್ಟಿ, ಕೊನೆಯ 2 ಬೈಟ್ ಗುರುತು. ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್‌ನಿಂದ 'ಬೂಟ್‌ರೆಕ್' ಆಜ್ಞೆಯನ್ನು 'ಫಿಕ್ಸ್‌ಎಂಬಿಆರ್' ಜೊತೆ ಕೊಟ್ಟರೆ ಬದಲಾಗುವುದು ಕೋಡ್ ಮಾತ್ರ, ಪಟ್ಟಿಗೆ ಧಕ್ಕೆಯಿಲ್ಲ.

● ಹೊಸ ಯುಇಎಫ್‌ಐ ಯಂತ್ರಗಳ ಕಥೆ ಬೇರೆ. ಅಲ್ಲಿ ಇಎಫ್‌ಐ ಎಂಬ ಚಿಕ್ಕ ಪಾರ್ಟಿಷನ್ ಇರುತ್ತದೆ; ಮೈಕ್ರೋಸಾಫ್ಟ್, ಉಬುಂಟು ಎರಡರ ಫೋಲ್ಡರ್‌ಗಳೂ ಅದರೊಳಗೆ ಅಕ್ಕಪಕ್ಕದಲ್ಲಿ. ಉಬುಂಟು ಫೋಲ್ಡರ್ ತೆಗೆಯಬಹುದು, ಉಳಿದರೂ ಹೆಚ್ಚು ಜಾಗವೇನೂ ತಿನ್ನದು. ಆದರೆ ಇಡೀ ಇಎಫ್‌ಐ ಪಾರ್ಟಿಷನ್ ಅಳಿಸಿದರೆ ಎರಡೂ ಓಎಸ್ ಹೋದಂತೆ! ಅದಕ್ಕೇ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಅದನ್ನು ಅಳಿಸಲು ಬಿಡುವುದಿಲ್ಲ.

● ಲಿನಕ್ಸ್‌ನ ಎಕ್ಸ್‌ಟಿ4 ಪಾರ್ಟಿಷನ್‌ಗೆ ವಿಂಡೋಸ್ ಡ್ರೈವ್ ಅಕ್ಷರ ಕೊಡುವುದಿಲ್ಲ. ಆದರೆ ವಿಂಡೋಸ್‌ನ ರಿಕವರಿ ಪಾರ್ಟಿಷನ್‌ಗೂ ಸಾಮಾನ್ಯವಾಗಿ ಅಕ್ಷರವಿರುವುದಿಲ್ಲ. ಅಕ್ಷರವಿಲ್ಲದ್ದೆಲ್ಲ ಲಿನಕ್ಸ್ ಎಂದುಕೊಂಡವರು ಕೆಟ್ಟರು! ಉಬುಂಟುವಿನಲ್ಲಿ ಇರುವಾಗಲೇ ಅದರ ಪಾರ್ಟಿಷನ್ ಎಷ್ಟು ಜಿಬಿ ಎಂದು ಬರೆದಿಟ್ಟುಕೊಳ್ಳಿ.

● ಬೂಟ್ ವ್ಯವಸ್ಥೆ ಬದಲಾದರೆ, ವಿಂಡೋಸ್ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಕೈಯಲ್ಲಿ ಇಲ್ಲದಿದ್ದರೆ ಕೆಲಸ ಶುರುಮಾಡಲೇಬೇಡಿ.

● ಖಾಲಿಯಾದ ಜಾಗ ಸಿ ಡ್ರೈವ್‌ನ ಬಲಕ್ಕೆ ಅಂಟಿಕೊಂಡಂತೆ ಇದ್ದರಷ್ಟೇ 'ಎಕ್ಸ್‌ಟೆಂಡ್ ವಾಲ್ಯೂಮ್' ಅದನ್ನು ಸೇರಿಸಿಕೊಳ್ಳುತ್ತದೆ. ನಡುವೆ ಇನ್ನೊಂದು ಪಾರ್ಟಿಷನ್ ಇದ್ದರೆ ಆಗದು.

● ಪಾರ್ಟಿಷನ್ ಅಳಿಸಿದಾಗ ಹೋಗುವುದು ಪಟ್ಟಿಯಲ್ಲಿನ ನಮೂದು ಮಾತ್ರ. ಹಾರ್ಡ್‌ಡಿಸ್ಕ್ ಆಗಿದ್ದು, ಆ ಜಾಗದಲ್ಲಿ ಬೇರೇನೂ ಬರೆಯದಿದ್ದರೆ 'ಟೆಸ್ಟ್‌ಡಿಸ್ಕ್' ಅದನ್ನು ಮತ್ತೆ ಹುಡುಕಿಕೊಡಬಲ್ಲದು. ಎಸ್‌ಎಸ್‌ಡಿಯಲ್ಲಿ ಆ ಭರವಸೆ ಬೇಡ.

● ವಿಂಡೋಸ್‌ನ ಗಡಿಯಾರ ಐದೂವರೆ ಗಂಟೆ ಹಿಂದಿದೆಯೇ? ಯಂತ್ರದ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದುಕೊಳ್ಳುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಮೂರೂವರೆ ತೋರಿಸುವುದು ಅದಕ್ಕೇ. ಉಬುಂಟು ಹೋದ ಮೇಲೆ ಒಮ್ಮೆ ಸರಿಮಾಡಿದರೆ ಸಾಕು.

● 2008ರ ಉಬುಂಟು 8.04ರ ಜೊತೆ 'ವೂಬಿ' ಬಂತು. ಅದು ಉಬುಂಟುವನ್ನು ವಿಂಡೋಸ್ ಒಳಗೇ ಒಂದು ದೊಡ್ಡ ಫೈಲಾಗಿ ಇಡುತ್ತಿತ್ತು. ಬೇಡವಾದರೆ ಉಳಿದ ಪ್ರೋಗ್ರಾಂಗಳಂತೆ ಅನ್‌ಇನ್‌ಸ್ಟಾಲ್ ಮಾಡಿದರಾಯಿತು. ಅದು ಹೋಯಿತು, ಪಾರ್ಟಿಷನ್ ಕಾಟ ಉಳಿಯಿತು.

● ತೆಗೆಯಬೇಕಾದ್ದು ವಿಂಡೋಸ್ ಆದರೆ? ಪೆನ್‌ಡ್ರೈವ್‌ನಿಂದ ಲೈವ್ ಉಬುಂಟು ತೆರೆದು, 'ಜಿಪಾರ್ಟೆಡ್‌'ನಲ್ಲಿ ವಿಂಡೋಸ್ ಪಾರ್ಟಿಷನ್ ಅಳಿಸಿ. ಬಳಿಕ ನಿಮ್ಮ ಉಬುಂಟುವಿಗೆ ಮರಳಿ 'ಅಪ್‌ಡೇಟ್-ಗ್ರಬ್' ಕೊಟ್ಟರೆ, ಹಳೆಯ ಬಯೋಸ್ ಯಂತ್ರಗಳಲ್ಲಿ ಮೆನುವಿನಿಂದ ವಿಂಡೋಸ್ ಹೆಸರೂ ಹೋಗುತ್ತದೆ. ಇಲ್ಲೂ ಇಎಫ್‌ಐ ಮುಟ್ಟಬೇಡಿ: ಅದನ್ನು ಮಾಡಿದ್ದು ವಿಂಡೋಸೇ ಆಗಿದ್ದರೂ ಉಬುಂಟು ಏಳುವುದು ಅಲ್ಲಿಂದಲೇ.