ಮಾತ್ರೆ, ಮೊರಾ ಮತ್ತು ಯಂತ್ರಕಂಠ: ಸಂಶ್ಲೇಷಿತ ಗಾಯನದ ಧ್ವನಿಘಟಕಗಳು ಹಾಗೂ ಕಲಬುರಗಿ ಕನ್ನಡ

1. ಪ್ರವೇಶ

ಜಪಾನಿನ ಜನಪ್ರಿಯ ಸಂಗೀತದಲ್ಲಿ ದೇಹವಿಲ್ಲದ ಗಾಯಕರು ನೆಲೆಯೂರಿ ಎರಡು ದಶಕಗಳಾಗುತ್ತ ಬಂದಿವೆ. ಸಪ್ಪೊರೊ ನಗರದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಸಂಸ್ಥೆಯು 2007ರ ಆಗಸ್ಟ್ 31ರಂದು ಬಿಡುಗಡೆ ಮಾಡಿದ ‘ಹಾತ್ಸುನೆ ಮಿಕು’ ಇವರಲ್ಲಿ ಪ್ರಸಿದ್ಧಳು. ಇದರ ಹಿಂದಿರುವುದು ಯಮಹಾ ಸಂಸ್ಥೆಯ ‘ವೊಕಲಾಯ್ಡ್’ ತಂತ್ರಾಂಶ. ಇದಕ್ಕೆ ತಳಹದಿಯಾದ ಸಂಶೋಧನೆಯಲ್ಲಿ ಬಾರ್ಸೆಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯವೂ ಪಾಲ್ಗೊಂಡಿತ್ತು. ಈ ವಿದ್ಯಮಾನವನ್ನು ಸಾಮಾನ್ಯವಾಗಿ ಅಭಿಮಾನಿ ಸಂಸ್ಕೃತಿಯ ದೃಷ್ಟಿಯಿಂದ ನೋಡಲಾಗುತ್ತದೆ. ನಾವು ಇಲ್ಲಿ ಎತ್ತಿಕೊಳ್ಳುವ ಪ್ರಶ್ನೆ ಭಾಷಾವೈಜ್ಞಾನಿಕವಾದುದು: ಯಂತ್ರವೊಂದು ಒಂದು ಭಾಷೆಯಲ್ಲಿ ಹಾಡಬೇಕಾದರೆ ಆ ಭಾಷೆಯ ಯಾವ ಘಟಕಗಳು ಅದಕ್ಕೆ ಬೇಕು? ಕನ್ನಡದಲ್ಲಿ, ಅದರಲ್ಲೂ ಕಲಬುರಗಿ ಸೀಮೆಯ ಕನ್ನಡದಲ್ಲಿ, ಆ ಘಟಕಗಳನ್ನು ಎಲ್ಲಿಂದ ಪಡೆಯಬೇಕು?

2. ಯಂತ್ರಕಂಠದ ರಚನೆ

ಆರಂಭದ ವೊಕಲಾಯ್ಡ್ ಧ್ವನಿಯನ್ನು ಶೂನ್ಯದಿಂದ ಸೃಷ್ಟಿಸುವುದಿಲ್ಲ. ಜೀವಂತ ವ್ಯಕ್ತಿಯೊಬ್ಬರ ಕಂಠವನ್ನು ಮುದ್ರಿಸಿಕೊಂಡು, ಅದನ್ನು ತುಣುಕುಗಳಾಗಿ ವಿಂಗಡಿಸಿ ಧ್ವನಿಭಂಡಾರದಲ್ಲಿ ಇರಿಸಲಾಗುತ್ತದೆ. ಮಿಕುವಿಗೆ ಕಂಠ ನೀಡಿದವರು ನಟಿ ಸಾಕಿ ಫುಜಿತಾ. ಬಳಕೆದಾರರು ಸ್ವರಪ್ರಸ್ತಾರವನ್ನೂ ಸಾಹಿತ್ಯವನ್ನೂ ಒದಗಿಸಿದಾಗ, ತಂತ್ರಾಂಶವು ತಕ್ಕ ತುಣುಕುಗಳನ್ನು ಆಯ್ದು, ಶ್ರುತಿಯನ್ನು ಹೊಂದಿಸಿ, ಸಂಧಿಸ್ಥಾನಗಳನ್ನು ನಯಗೊಳಿಸಿ ಜೋಡಿಸುತ್ತದೆ.

ಈ ತುಣುಕುಗಳಲ್ಲಿ ಮುಖ್ಯವಾದುದು ‘ಧ್ವನಿಯುಗ್ಮ’, ಅಂದರೆ ಒಂದು ಧ್ವನಿಯಿಂದ ಮುಂದಿನ ಧ್ವನಿಗೆ ಸಾಗುವ ಸಂಕ್ರಮಣದ ಭಾಗ. ಜಪಾನಿ ಭಾಷೆಗೆ ಪ್ರತಿ ಶ್ರುತಿಗೆ ಸುಮಾರು 500 ಯುಗ್ಮಗಳು ಸಾಕಾದರೆ ಇಂಗ್ಲಿಷಿಗೆ ಸುಮಾರು 2500 ಬೇಕಾಗುತ್ತವೆ. ಜಪಾನಿಯಲ್ಲಿ ಸ್ವರಗುಣಗಳು ಐದೇ, ವ್ಯಂಜನಸಂಯೋಗಗಳೂ ವಿರಳ. ತಂತ್ರಜ್ಞಾನವು ಆ ಭಾಷೆಯಲ್ಲಿ ಬೇಗ ಫಲಿಸಲು ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

3. ಮೊರಾ ಮತ್ತು ಮಾತ್ರೆ

ಜಪಾನಿ ಗೀತೆಯಲ್ಲಿ ಕಾಲಮಾನದ ಘಟಕ ‘ಮೊರಾ’. ದೀರ್ಘಸ್ವರದ ಉತ್ತರಾರ್ಧ, ದ್ವಿತ್ವದ ಪೂರ್ವಾರ್ಧ, ಅಕ್ಷರಾಂತ್ಯದ ಅನುನಾಸಿಕ — ಇವು ಪ್ರತಿಯೊಂದೂ ಒಂದು ಮೊರಾ. ಕನ್ನಡ ಛಂದಸ್ಸಿನ ಪರಿಚಯವಿದ್ದವರಿಗೆ ಈ ಲೆಕ್ಕ ಅಪರಿಚಿತವಲ್ಲ. ‘ಗೊಬ್ಬೂರ’ ಎಂಬ ಊರ ಹೆಸರನ್ನೇ ತೆಗೆದುಕೊಳ್ಳೋಣ. ನಮ್ಮ ಪ್ರಸ್ತಾರದಲ್ಲಿ ಇದು ಗುರು, ಗುರು, ಲಘು. ಒಟ್ಟು ಐದು ಮಾತ್ರೆ. ಮೊರಾ ಲೆಕ್ಕದಲ್ಲಿ ಗೊ–ಬ್–ಬು–ಉ–ರ, ಅಲ್ಲಿಯೂ ಐದೇ.

ಆದರೆ ಮೊತ್ತ ಸಮವಾದರೂ ಹಂಚಿಕೆ ಬೇರೆ. ಜಪಾನಿಯಲ್ಲಿ ಅಕ್ಷರಾಂತ್ಯದ ಅನುನಾಸಿಕವು ತಾನೇ ಒಂದು ಸ್ವರಸ್ಥಾನವನ್ನು ಹೊರಬಲ್ಲದು. ಕನ್ನಡದಲ್ಲಿ ಮಾತ್ರೆಯು ಇಡೀ ಅಕ್ಷರದ ತೂಕ; ಹಾಡುವಾಗ ಆ ತೂಕವನ್ನು ಹೊರುವುದು ಪ್ರಾಯಶಃ ಸ್ವರವೇ. ಮೇಲಾಗಿ ಈ ತಂತ್ರಾಂಶದಲ್ಲಿ ತಾಳದ ಬಿಂದುವಿಗೆ ಹೊಂದಬೇಕಾದುದು ವ್ಯಂಜನವಲ್ಲ, ಅದರ ನಂತರದ ಸ್ವರದ ಆರಂಭ. ಹೀಗಾಗಿ ‘ಬ್ಬೂ’ ಎಂಬಲ್ಲಿನ ತುಟಿಮುಚ್ಚುವಿಕೆಯ ಕಾಲವನ್ನು ಹಿಂದಿನ ‘ಗೊ’ ಅಕ್ಷರದಿಂದ ಕಳೆಯಬೇಕು. ಎಷ್ಟು ಕಳೆಯಬೇಕೆಂಬುದನ್ನು ಛಂದಶ್ಶಾಸ್ತ್ರ ಹೇಳುವುದಿಲ್ಲ. ಉಚ್ಚಾರಣೆಯನ್ನು ಅಳೆದೇ ತಿಳಿಯಬೇಕು.

4. ಲಿಪಿ ಮರೆಮಾಡುವ ಸ್ವರ

ಮಾತ್ರೆಯ ಎಣಿಕೆಗೆ ಸಿಗದ ಇನ್ನೊಂದು ತೊಡಕು ಉಪಭಾಷೆಯದು. ಯು. ಪಿ. ಉಪಾಧ್ಯಾಯರು 1976ರ ತಮ್ಮ ತೌಲನಿಕ ಅಧ್ಯಯನಕ್ಕೆ ಬಳ್ಳಾರಿ, ಕುಮಟಾ, ನಂಜನಗೂಡುಗಳ ಜೊತೆಗೆ ಗುಲ್ಬರ್ಗಾದ ಉಪಭಾಷೆಯನ್ನೂ ಆಯ್ದುಕೊಂಡಿದ್ದರು. ಆಳಂದ, ಅಫಜಲಪುರ, ಜೇವರ್ಗಿ ಭಾಗದ ಮಾತಿನಲ್ಲಿ ‘ಮನೆ’ ಎಂಬುದು ‘ಮನಿ’, ‘ಬೇಡ’ ಎಂಬುದು ‘ಬ್ಯಾಡ’, ‘ಬೇಳೆ’ ಎಂಬುದು ‘ಬ್ಯಾಳಿ’. ಇವುಗಳಲ್ಲಿ ‘ಮನಿ’ ತೊಡಕಿನದಲ್ಲ. ಅದಕ್ಕೆ ಬೇಕಾದ ಯುಗ್ಮಗಳು ಶಿಷ್ಟ ಕನ್ನಡದ ಭಂಡಾರದಲ್ಲಿಯೂ ಇರುತ್ತವೆ. ‘ಬ್ಯಾಳಿ’ಯ ಸ್ಥಿತಿ ಹಾಗಲ್ಲ. ‘ವಿದ್ಯಾ’ ಎಂಬಲ್ಲಿ ಯಕಾರ ಮತ್ತು ಆಕಾರಗಳನ್ನು ಸೂಚಿಸುವ ಬರಹವೇ ಇಲ್ಲಿ ಒಂದು ವಿವೃತ ಪೂರ್ವಸ್ವರವನ್ನು ಸೂಚಿಸುತ್ತದೆ. ಶಿಷ್ಟ ಕನ್ನಡದಲ್ಲಿ ಈ ಸ್ವರ ‘ಬ್ಯಾಂಕು’, ‘ಬ್ಯಾಟು’ ಮೊದಲಾದ ಇಂಗ್ಲಿಷ್ ಎರವಲು ಪದಗಳಲ್ಲಿ ಉಂಟು. ಆದರೆ ಇಂಗ್ಲಿಷಿನಲ್ಲಿ ಳಕಾರವಿಲ್ಲ. ಆದ್ದರಿಂದ ಎರವಲು ಪದಗಳನ್ನು ಎಷ್ಟು ಸೇರಿಸಿದರೂ ಈ ಸ್ವರದಿಂದ ಳಕಾರಕ್ಕೆ ಸಾಗುವ ಯುಗ್ಮ ದೊರೆಯದು.

‘ಬೇಳೆ’, ‘ಬ್ಯಾಳಿ’ ಎರಡಕ್ಕೂ ಮೂರೇ ಮಾತ್ರೆ. ತಾಳ ತಪ್ಪುವುದಿಲ್ಲ, ಶ್ರುತಿಯೂ ತಪ್ಪುವುದಿಲ್ಲ. ತಪ್ಪುವುದು ನುಡಿ. ತೊಗರಿಯ ಕಣಜವೆನಿಸಿದ ಜಿಲ್ಲೆಯ ಹಾಡಿನಲ್ಲಿ ‘ಬ್ಯಾಳಿ’ ಎಂಬ ಪದವೇ ಅನ್ಯವಾಗಿ ಕೇಳಿಸುತ್ತದೆ.

5. ಉಪಸಂಹಾರ

ವೊಕಲಾಯ್ಡ್ ಜಪಾನಿ, ಇಂಗ್ಲಿಷ್‌ಗಳ ನಂತರ ಕೊರಿಯನ್, ಸ್ಪ್ಯಾನಿಷ್, ಚೀನೀ ಭಾಷೆಗಳಿಗೆ ವಿಸ್ತರಿಸಿತು. ಪ್ರತಿಯೊಂದಕ್ಕೂ ಧ್ವನಿಘಟಕಗಳ ಪಟ್ಟಿಯನ್ನು ಹೊಸದಾಗಿಯೇ ಸಿದ್ಧಪಡಿಸಬೇಕಾಯಿತು. ಇಂದಿನ ನರಜಾಲ ಆಧಾರಿತ ವಿಧಾನಗಳು ಯುಗ್ಮಗಳನ್ನು ಕೈಯಿಂದ ವಿಂಗಡಿಸುವ ಶ್ರಮವನ್ನು ತಗ್ಗಿಸಿವೆ. ಆದರೂ ಮುದ್ರಿಕೆಯಲ್ಲಿ ಇಲ್ಲದ ಉಚ್ಚಾರಣೆಯನ್ನು ಅವು ನಂಬಲರ್ಹವಾಗಿ ಕಲಿಯಲಾರವು.

ಕನ್ನಡಕ್ಕೆ ಗಾಯನಭಂಡಾರ ರೂಪಿಸುವವರು ಬರಹದ ಕನ್ನಡದಿಂದ ಮಾತ್ರ ವಾಕ್ಯಗಳನ್ನು ಆಯ್ದರೆ, ಕಡಕೋಳ ಮಡಿವಾಳಪ್ಪನವರ ಪರಂಪರೆಯ ತತ್ವಪದಗಳನ್ನು ಏಕತಾರಿಯೊಡನೆ ಹಾಡುತ್ತ ಬಂದ ಸೀಮೆಯ ಉಚ್ಚಾರಣೆ ಅದರ ಹೊರಗೇ ಉಳಿಯುತ್ತದೆ. ಹೀಗಾಗಿ ಎರಡು ಕ್ರಮಗಳು ಅಗತ್ಯವೆಂದು ನಾವು ಸೂಚಿಸುತ್ತೇವೆ: ಮುದ್ರಣದ ಪಠ್ಯವನ್ನು ಲಿಪಿಯ ಆಧಾರದಿಂದಲ್ಲದೆ ಉಪಭಾಷೆಯ ಧ್ವನಿಮಾಗಳ ಆಧಾರದಿಂದ ರಚಿಸುವುದು, ಕಂಠ ನೀಡುವವರಲ್ಲಿ ಆ ನುಡಿಯನ್ನು ಮನೆಮಾತಾಗಿ ಉಳ್ಳವರನ್ನು ಸೇರಿಸಿಕೊಳ್ಳುವುದು. ಯಂತ್ರವು ಯಾರ ಕನ್ನಡದಲ್ಲಿ ಹಾಡುತ್ತದೆ ಎಂಬುದು ತಂತ್ರಾಂಶ ಸಿದ್ಧವಾದ ಮೇಲೆ ಕೇಳುವ ಪ್ರಶ್ನೆಯಲ್ಲ. ಮುದ್ರಣದ ಪಠ್ಯ ಸಿದ್ಧಪಡಿಸುವಾಗಲೇ ಅದು ನಿರ್ಧಾರವಾಗಿರುತ್ತದೆ.