ಉಕ್ಕಿನ ಕುದುರೆಗೆ ಬಟ್ಟೆಯ ಹೇರು

ಹಿಂದಿನ ಕಾಲದಲ್ಲಿ ಲಂಬಾಣಿ ವರ್ತಕರು ಎತ್ತುಗಳ ಬೆನ್ನಿನ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು ಊರಿಂದೂರಿಗೆ ಸಾಗುತ್ತಿದ್ದುದನ್ನು ವಾಚಕರು ಕೇಳಿರಬಹುದು. ಎತ್ತಿನ ಎರಡು ಪಕ್ಕಗಳಲ್ಲಿಯೂ ಸಮತೂಕದ ಚೀಲಗಳು ಜೋಲುತ್ತಿದ್ದುವು. ಇಂದು ಮೋಟಾರು ಸೈಕಲ್ಲಿನ ಹಿಂದಿನ ಆಸನದ ಇಕ್ಕೆಲಗಳಲ್ಲಿ ಇಳಿಬಿಡುವ ಬಟ್ಟೆಯ ಜೋಡಿಚೀಲವು ಆ ಹೇರಿನ ಹೊಸ ರೂಪವೇ ಸರಿ. ಆದರೆ ಒಂದು ವ್ಯತ್ಯಾಸವುಂಟು. ಎತ್ತಿನ ಪಕ್ಕೆಯಲ್ಲಿ ಸುಡುವ ಕೊಳವೆಯಿಲ್ಲ, ತಿರುಗುವ ಚಕ್ರವಿಲ್ಲ. ಮೋಟಾರು ಸೈಕಲ್ಲಿನಲ್ಲಿ ಇವೆರಡೂ ಇವೆ. ಚೀಲ ತೂಗುವುದು ಇವೆರಡರ ನಡುವೆಯೇ.

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಗಾಡಿಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇವುಗಳ 250 ಸಿ.ಸಿ. ಯಂತ್ರದಲ್ಲಿ ಸಿಲಿಂಡರು ಒಂದೇ ಆದರೂ ಸೈಲೆನ್ಸರುಗಳು ಎರಡು, ಪಕ್ಕಕ್ಕೊಂದರಂತೆ. ಆದುದರಿಂದ ಎಡಚೀಲಕ್ಕೂ ಬಲಚೀಲಕ್ಕೂ ಕೆಳಗಿನಿಂದ ಕಾವು ತಪ್ಪಿದ್ದಲ್ಲ. ಗಾಡಿ ವೇಗವಾಗಿ ಓಡುವಾಗ ಗಾಳಿಯು ಈ ಕಾವನ್ನು ಒಯ್ಯುವುದು. ಘಟ್ಟದ ಏರಿನಲ್ಲಿ ನಿಧಾನವಾಗಿ ಹತ್ತುವಾಗ ಯಂತ್ರದ ದುಡಿಮೆ ಹೆಚ್ಚು, ಗಾಳಿಯ ಓಟ ಕಡಿಮೆ. ಅಪಾಯವಿರುವುದು ಆಗಲೇ.

ನೈಲಾನು ಸುಮಾರು 220ರಿಂದ 260 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುವುದು. ಅದಕ್ಕೆ ಬಹಳ ಮೊದಲೇ ಮೆತ್ತಗಾಗುವುದು. ರೆಕ್ಸಿನ್ನಿನ ಲೇಪನ ಇನ್ನೂ ಬೇಗ ಮೆದುವಾಗುವುದು. ಹತ್ತಿಯ ಕ್ಯಾನ್ವಾಸು ಕರಗದು, ಕಮರುವುದು. ಗಾಳಿ ತಾಕಿದಂತೆಲ್ಲ ಒಳಗೊಳಗೇ ಕೆಂಡವಾಗುವುದು. ಪೆಟ್ರೋಲಿನ ತೊಟ್ಟಿ ಅಲ್ಲಿಗೆ ದೂರವಿಲ್ಲವೆಂಬುದನ್ನು ಮರೆಯಬಾರದು.

ಚೀಲದ ತಳಕ್ಕೂ ಸೈಲೆನ್ಸರಿಗೂ ನಡುವೆ ಅಂಗೈಯಗಲದ ತೆರಪಾದರೂ ಇರತಕ್ಕದ್ದು. ಅಷ್ಟು ಸಾಧ್ಯವಾಗದಿದ್ದರೆ ನಡುವೆ ತೆಳುವಾದ ಅಲ್ಯೂಮಿನಿಯಂ ತಗಡನ್ನು ಅಡ್ಡವಾಗಿ ನಿಲ್ಲಿಸಬೇಕು. ಹೊಳೆಯುವ ತಗಡು ವಿಕಿರಣದಿಂದ ಬರುವ ಉಷ್ಣವನ್ನು ಹಿಂದಕ್ಕೆ ಪ್ರತಿಫಲಿಸುವುದು. ಆದರೆ ತಗಡನ್ನು ಸೈಲೆನ್ಸರಿಗೆ ಒತ್ತಿ ಬಿಗಿದರೆ ಉಷ್ಣವು ವಹನದಿಂದ ಹರಿದುಬಂದು ತಗಡೇ ಎರಡನೆಯ ಸೈಲೆನ್ಸರಾಗುವುದು. ತಗಡಿನ ಎರಡು ಕಡೆಯೂ ಬೆರಳಗಲ ಗಾಳಿಯಾಡಬೇಕು.

ಇನ್ನು ಚಕ್ರದ ವಿಚಾರ. ಹಿಂಚಕ್ರದ ಸುತ್ತಳತೆ ಸುಮಾರು 2 ಮೀಟರು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಅದು ಸೆಕೆಂಡಿಗೆ ಎಂಟು ಸುತ್ತು ತಿರುಗುವುದು. ಚೀಲದ ಪಟ್ಟಿಯ ಒಂದು ತುದಿ ಕಡ್ಡಿಗಳ ನಡುವೆ ಸಿಕ್ಕಿತೆನ್ನಿ. ಸವಾರನಿಗೆ ಅದು ತಿಳಿದು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಪಟ್ಟಿ ಸುತ್ತಿಕೊಂಡು, ಚೀಲವನ್ನೂ ಎಳೆದುಕೊಂಡು, ಚಕ್ರ ಕಚ್ಚಿ ನಿಂತಿರುವುದು. ಹಿಂಬದಿ ಸವಾರರ ಉಡುಪು ಸಿಕ್ಕದಿರಲೆಂದು ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗಕ್ಕೆ ಮರೆಯಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಜನ ಇದನ್ನು ಸೀರೆ ಗಾರ್ಡು ಎನ್ನುವರು. ಸೀರೆಗೆ ಸಲ್ಲುವ ಎಚ್ಚರಿಕೆ ಚೀಲಕ್ಕೂ ಸಲ್ಲುವುದು. ಸೀರೆ ಗಾರ್ಡು ಸಾಮಾನ್ಯವಾಗಿ ಎಡಗಡೆ ಮಾತ್ರ ಇರುವುದರಿಂದ, ಬಲಗಡೆ ಚೀಲವು ಒಳಕ್ಕೆ ವಾಲದಂತೆ ಉಕ್ಕಿನ ಸರಳನ್ನು ಬಾಗಿಸಿ, ಗಾಡಿಯ ಚೌಕಟ್ಟಿಗೆ ಬೋಲ್ಟು ಹಾಕಿ ನಿಲ್ಲಿಸುವುದು ಅಗತ್ಯ. ದಶಕಗಳ ಕಾಲ ಅದುರಿ ಸವೆದ ಮಡ್‌ಗಾರ್ಡಿನ ತಗಡಿಗೂ ಇಂಡಿಕೇಟರಿನ ಕಡ್ಡಿಗೂ ಭಾರ ಹೊರಿಸಕೂಡದು.

ಗಾಡಿ ನಿಂತಿರುವಾಗ ಕಾಣುವ ತೆರಪನ್ನೇ ನಂಬಬೇಡಿ. ಹಳ್ಳ ಬಂದಾಗ ಶಾಕ್ ಅಬ್ಸಾರ್ಬರು ಕುಗ್ಗಿ ಚಕ್ರವು ಚೀಲದತ್ತ ಮೇಲೇರುವುದು. ಆದುದರಿಂದ ತುಂಬಿದ ಚೀಲ ಕಟ್ಟಿ, ಇಬ್ಬರು ಗಾಡಿಯ ಮೇಲೆ ಕುಳಿತು ಒತ್ತಿದಾಗ, ಮೂರನೆಯವರು ಬಗ್ಗಿ ನೋಡಿ ಅಂತರವನ್ನು ಅಳೆಯಲಿ.

ತೂಕದಲ್ಲಿ ಲಂಬಾಣಿಯ ನಿಯಮವೇ ನಮ್ಮದು. ಎರಡು ಚೀಲಗಳನ್ನೂ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ಸಮಮಾಡಿಕೊಳ್ಳಬೇಕು. ಭಾರದ ವಸ್ತುಗಳು ತಳದಲ್ಲಿ, ಮುಂಭಾಗಕ್ಕೆ ಇರಲಿ. ಹಿಂದಿನ ಅಚ್ಚನ್ನು ದಾಟಿ ಹಿಂದೆ ಇಟ್ಟ ಭಾರವು ಸನ್ನೆಕೋಲಿನಂತೆ ಮುಂಚಕ್ರವನ್ನು ಹಗುರಗೊಳಿಸುವುದು. ಆಗ ಹ್ಯಾಂಡಲು ಹಿಡಿತ ತಪ್ಪಿದಂತೆ ಓಲಾಡುವುದು. ಚೀಲವು ಹಿಂದಿನ ದೀಪವನ್ನಾಗಲಿ ಇಂಡಿಕೇಟರನ್ನಾಗಲಿ ಮರೆಮಾಡಬಾರದು. ಕಿಕ್ ಹೊಡೆಯುವಾಗ ಕಾಲಿಗೆ ತಡೆಯಾಗಬಾರದು. ಚೀಲದ ಅಡಿಯಲ್ಲಿ ಧೂಳು ಸೇರಿದರೆ ಅದು ಮರಳುಕಾಗದದಂತೆ ಬಣ್ಣವನ್ನು ಉಜ್ಜುವುದು. ಅಲ್ಲಿ ಶುಚಿಯಾದ ದಪ್ಪ ಬಟ್ಟೆ ಹಾಸಬೇಕು. ಪಟ್ಟಿಗಳ ಉಳಿದ ತುದಿಗಳನ್ನು ಮಡಿಚಿ ಬಿಗಿಯಾಗಿ ಸಿಕ್ಕಿಸಿ.

ಹೊರಟು ಐದಾರು ಕಿಲೋಮೀಟರಾದೊಡನೆ ಒಮ್ಮೆ ನಿಲ್ಲಿಸಿ, ಪಟ್ಟಿಗಳನ್ನು ಮತ್ತೆ ಬಿಗಿಯಿರಿ. ಚೀಲದ ತಳವನ್ನು ಕೈಯಿಂದ ಮುಟ್ಟಿ ನೋಡಿ. ಅದು ಕೈ ತಡೆಯಲಾರದಷ್ಟು ಬಿಸಿಯಾಗಿದ್ದರೆ ಜೋಡಣೆ ತಪ್ಪಿದೆಯೆಂದೇ ತಿಳಿಯಿರಿ. ಮಳೆಯಲ್ಲಿ ನೆನೆದ ನೈಲಾನು ಪಟ್ಟಿ ಹಿಗ್ಗುವುದರಿಂದ ಮಳೆಗಾಲದಲ್ಲಿ ಈ ಪರೀಕ್ಷೆಯನ್ನು ಪದೇ ಪದೇ ಮಾಡಬೇಕು.

ಹೇರು ಜಾರಿದರೆ ಎತ್ತು ತಾನಾಗಿ ನಿಲ್ಲುವುದು. ಯಂತ್ರಕ್ಕೆ ಆ ಅರಿವಿಲ್ಲ. ಅದರ ಪರವಾಗಿ ನಿಲ್ಲಬೇಕಾದವನು ಸವಾರನೇ.