ಕಂಬಳಿ ಕೊಟ್ಟರೆ ಅದು ಆಮಿಷವೇ? ಕೋಗಿಲು ಕ್ರೈಸ್ತರ ಮುಂದಿಟ್ಟ ಪ್ರಶ್ನೆ

2025ರ ಡಿಸೆಂಬರ್ 20ರ ಬೆಳಗಿನ ಚಳಿಯಲ್ಲಿ ಯಲಹಂಕ ಪಕ್ಕದ ಕೋಗಿಲಿಗೆ ಜೆಸಿಬಿಗಳು ಬಂದವು. ಫಕೀರ್ ಕಾಲೊನಿ ಮತ್ತು ವಸೀಂ ಲೇಔಟ್‌ನಲ್ಲಿ ನೂರೈವತ್ತಕ್ಕೂ ಹೆಚ್ಚು ಮನೆಗಳು ನೆಲಕ್ಕುರುಳಿದವು. ಬೀದಿಗೆ ಬಿದ್ದವರಲ್ಲಿ ಬಹುಪಾಲು ಮುಸ್ಲಿಂ ಕುಟುಂಬಗಳು. ಕ್ರಿಸ್‌ಮಸ್‌ಗೆ ಆಗ ಉಳಿದದ್ದು ಐದೇ ದಿನ.

ಆಮೇಲೆ ನಡೆದ ರಾಜಕೀಯ ಎಲ್ಲರಿಗೂ ಗೊತ್ತು. ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಇದನ್ನು ಬುಲ್ಡೋಜರ್ ರಾಜ್ಯಭಾರ ಎಂದರು. ವಾಸ್ತವ ತಿಳಿಯದೆ ಮಾತಾಡಬೇಡಿ ಎಂದರು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್. ಅದು ಕಸ ವಿಲೇವಾರಿಗೆ ಮೀಸಲಿಟ್ಟ ಸರ್ಕಾರಿ ಜಾಗ ಅನ್ನೋದು ಸರ್ಕಾರದ ವಾದ. ಅರ್ಹರಿಗೆ ಬೇರೆ ಕಡೆ ಮನೆ ಕೊಡುತ್ತೇವೆ ಅಂದಾಗ ಬಿಜೆಪಿಯವರು ತಿರುಗಿಬಿದ್ದು, ಇವರೆಲ್ಲ ಎಲ್ಲಿಂದ ಬಂದವರು ಅಂತ ಕೇಳಿದರು.

ಇದರಲ್ಲಿ ಕ್ರೈಸ್ತರದ್ದೇನು ಕೆಲಸ? "ನಮಗ್ಯಾಕೆ ಬೇಕು ಬಿಡಿ" ಅನ್ನೋದು ಸುಲಭ. ಆದರೆ ಅದೇ ವಾರ ಚರ್ಚುಗಳಲ್ಲಿ ಓದಿದ ಕಥೆ ಯಾವುದು? ಛತ್ರದಲ್ಲಿ ಜಾಗ ಸಿಗದೆ ಗೋದಲಿಯಲ್ಲಿ ಮಗು ಹೆತ್ತ ತಾಯಿಯದು. ಜನಗಣತಿಯ ಲೆಕ್ಕ ಬರೆಸಲು ಊರು ಬಿಟ್ಟು ಬಂದವರು, ಆಮೇಲೆ ರಾಜನಿಗೆ ಹೆದರಿ ಈಜಿಪ್ಟಿಗೆ ಓಡಿದವರು. ಸೂರಿಲ್ಲದವರ ಕಥೆಯೇ ಹಬ್ಬದ ಕಥೆಯಾದಾಗ ಕೋಗಿಲು ದೂರದ ಊರಾಗಿ ಉಳಿಯುವುದಿಲ್ಲ.

ಸಹಾಯಕ್ಕೆ ಹೊರಟವರಿಗೆ ಅಡ್ಡ ಬರುವುದು ಮತ್ತೊಂದು ಡಿಸೆಂಬರಿನ ನೆನಪು. 2021ರ ಡಿಸೆಂಬರ್ 23ರಂದು, ಕ್ರಿಸ್‌ಮಸ್‌ಗೆ ಎರಡು ದಿನ ಮೊದಲು, ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ಮತಾಂತರ ನಿಷೇಧ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಬಹಿರಂಗವಾಗಿಯೇ ವಿರೋಧಿಸಿದ್ದರು. 2022ರಲ್ಲಿ ಅದು ಕಾಯ್ದೆಯಾಯಿತು.

ಕಾಯ್ದೆ ಏನನ್ನುತ್ತದೆ?

ಬಲವಂತ, ವಂಚನೆಯ ಜೊತೆಗೆ 'ಆಮಿಷ' ಒಡ್ಡಿ ಮತಾಂತರ ಮಾಡುವುದೂ, ಅದಕ್ಕೆ ಯತ್ನಿಸುವುದೂ ಅಪರಾಧ. ಆಮಿಷದ ವ್ಯಾಖ್ಯಾನ ತುಂಬ ಅಗಲ: ನಗದು ಅಥವಾ ವಸ್ತು ರೂಪದ ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನಶೈಲಿಯ ಭರವಸೆ, ಎಲ್ಲವೂ ಅದರಲ್ಲಿ ಬರುತ್ತವೆ. ಶಿಕ್ಷೆ 3ರಿಂದ 5 ವರ್ಷ ಜೈಲು. ಮತಾಂತರಗೊಂಡವರು ಮಹಿಳೆ, ಅಪ್ರಾಪ್ತರು ಅಥವಾ ಪರಿಶಿಷ್ಟ ಜಾತಿ, ಪಂಗಡದವರಾದರೆ 10 ವರ್ಷದವರೆಗೆ. ಬಂಧುಗಳಷ್ಟೇ ಅಲ್ಲ, ಸಹೋದ್ಯೋಗಿಯೂ ದೂರು ಕೊಡಬಹುದು. ತಪ್ಪು ಮಾಡಿಲ್ಲ ಎಂದು ಸಾಬೀತು ಮಾಡುವ ಹೊಣೆ ಆರೋಪಿಯದು. ಜಾಮೀನು ಸಲೀಸಾಗಿ ಸಿಗುವುದಿಲ್ಲ.

ಹಾಗಾದರೆ ಕೋಗಿಲಿನಲ್ಲಿ ಕಂಬಳಿ ಹಂಚಿದರೆ ಕೇಸಾಗುತ್ತದೆಯೇ? ಕಾಯ್ದೆಯ ಪ್ರಕಾರ ಇಲ್ಲ. ಕೊಟ್ಟದ್ದರ ಹಿಂದೆ ಮತಾಂತರದ ಯತ್ನ ಇದ್ದರೆ ಮಾತ್ರ ಅಪರಾಧ. ಆದರೆ ಯತ್ನ ಇತ್ತೋ ಇಲ್ಲವೋ ಅನ್ನೋದು ತೀರ್ಮಾನವಾಗುವುದು ಕೋರ್ಟಿನಲ್ಲಿ. ದೂರು ದಾಖಲಾಗುವುದು ಠಾಣೆಯಲ್ಲಿ. ಇವೆರಡರ ನಡುವಿನ ತಿಂಗಳುಗಳೇ ಒಬ್ಬ ಪಾಸ್ಟರ್‌ಗೆ ಸಾಕುಬೇಕಾಗುವ ಶಿಕ್ಷೆ. ಆ ಭಯಕ್ಕೆ ಕೊಡುವ ಕೈ ಹಿಂದೆ ಸರಿಯುತ್ತದೆ.

ಯಾವ ಪಕ್ಷ ನಮ್ಮದು?

ಕಾಯ್ದೆ ತಂದದ್ದು ಬಿಜೆಪಿ. ಅದನ್ನು ರದ್ದು ಮಾಡುತ್ತೇವೆಂದು 2023ರ ಜೂನ್ 15ರಂದು ಸಂಪುಟದಲ್ಲಿ ತೀರ್ಮಾನಿಸಿದ್ದು ಕಾಂಗ್ರೆಸ್. ಕೋಗಿಲಿಗೆ ಜೆಸಿಬಿ ಬಂದ ಹೊತ್ತಿಗೂ ಆ ತೀರ್ಮಾನ ಕಾನೂನಾಗಿರಲಿಲ್ಲ. ಜೆಸಿಬಿ ಬಂದದ್ದೂ ಅದೇ ಕಾಂಗ್ರೆಸ್ ಆಡಳಿತದಲ್ಲಿ. ಒಂದು ಪಕ್ಷಕ್ಕೆ ಹೆದರಿ ಇನ್ನೊಂದರ ಮಡಿಲಲ್ಲಿ ಕೂತರೆ ನಂಬಿಕೆ ಉಳಿಯುತ್ತದೆ ಅಂದುಕೊಂಡವರು ಈ ಎರಡನ್ನೂ ಒಟ್ಟಿಗೆ ನೋಡಬೇಕು. ಮತ ಯಾರಿಗಾದರೂ ಹಾಕಿ, ಅದು ನಾಗರಿಕರ ಹಕ್ಕು. ಆದರೆ ಗೆದ್ದವರು ನಮ್ಮವರು ಅಂತ ಬಾಯಿ ಮುಚ್ಚಿಕೊಂಡರೆ ಅದು ಭಕ್ತಿಯಲ್ಲ.

ಯೇಸು ಹೇಳಿದ ಸಮಾರ್ಯದವನ ಕಥೆಯಲ್ಲಿ ದಾರಿಯಲ್ಲಿ ಬಿದ್ದವನನ್ನು ಯಾವ ಊರು, ಯಾವ ಕುಲ ಅಂತ ಯಾರೂ ವಿಚಾರಿಸುವುದಿಲ್ಲ. ಯೆಹೂದ್ಯರು ಮತ್ತು ಸಮಾರ್ಯದವರ ನಡುವೆ ಹಳೆಯ ವೈರವಿತ್ತು. ಆದರೂ ಗಾಯಕ್ಕೆ ಎಣ್ಣೆ ಹಚ್ಚಿದವನು ಆ ಪರರವನೇ. ಕೋಗಿಲಿನಲ್ಲಿ ಮಾತ್ರ ಮೊದಲ ಪ್ರಶ್ನೆಯೇ ಎಲ್ಲಿಂದ ಬಂದೆ ಅನ್ನೋದಾಯಿತು. ಜಾಗ ಸರ್ಕಾರದ್ದೇ ಇರಬಹುದು, ಅದು ದಾಖಲೆ ನೋಡಿ ತೀರ್ಮಾನಿಸುವ ವಿಷಯ. ಚಳಿಯಲ್ಲಿ ನಡುಗುವ ಮಗುವಿಗೆ ಆ ದಾಖಲೆ ಬೇಕಿಲ್ಲ.

ಕ್ರೈಸ್ತರಿಗೂ ಒಂದು ಮಾತಿದೆ. ಕಂಬಳಿಯ ಜೊತೆ ಕರಪತ್ರ ಹೋಗಬಾರದು. ಇದು ಕಾಯ್ದೆಗೆ ಹೆದರಿ ಅಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನೋದು ಯೇಸುವಿನದೇ ಬೋಧನೆ. ಹಾಗೆಯೇ, 2008ರಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ದಾಳಿಯಾದಾಗ ನಮ್ಮ ಪರ ಯಾರು ನಿಂತಾರು ಎಂದು ಕೇಳಿದವರು, ಬೇರೆಯವರ ಮನೆ ಬಿದ್ದಾಗ ತಾವೆಲ್ಲಿದ್ದೆವು ಅಂತಲೂ ಕೇಳಿಕೊಳ್ಳಬೇಕು.

ಆ ಕಾಯ್ದೆಯ ಪುಸ್ತಕದಲ್ಲಿ ಕಂಬಳಿ ಆಮಿಷವೋ ಅಲ್ಲವೋ ಅನ್ನೋದನ್ನು ವಕೀಲರು ವಾದಿಸಲಿ. ಅಷ್ಟರೊಳಗೆ ಕಂಬಳಿ ತಲುಪಿರಬೇಕು.